ಪಾವಿನ ಲೆಕ್ಕ ಕಿಲೋಗೆ ಹಾಕಿದರೆ ಪಾಕ ಕೆಟ್ಟೀತು!

ಮೈಸೂರು ಪಾಕಿಗೆ ಅಳತೆ ಏನು? ನಮ್ಮ ಕಡೆ ಯಾವ ಮನೆಯ ಅಜ್ಜಿಯನ್ನು ಕೇಳಿದರೂ ಮಗ್ಗಿ ಒಪ್ಪಿಸಿದಂತೆ ಹೇಳುತ್ತಾರೆ: ಒಂದು ಪಾವು ಕಡ್ಲೆಹಿಟ್ಟು, ಎರಡು ಪಾವು ಸಕ್ಕರೆ, ಎರಡು ಪಾವು ತುಪ್ಪ. ಲೆಕ್ಕವೇನೋ ಸರಿ. ಆದರೆ ಇದೇ ಲೆಕ್ಕ ಈ ವರದಿಗಾರನ ಮನೆಯಲ್ಲಿ ಮಾಡಿದ ಅವಾಂತರ ಕೇಳಿ.

ತಂಗಿಯ ನಿಶ್ಚಿತಾರ್ಥ. ಗಂಡಿನ ಕಡೆಯವರೇ ಐವತ್ತು ಜನ. ಅಮ್ಮ ಹೇಳಿದ 'ಒಂದಕ್ಕೆರಡು' ಕಿವಿಗೆ ಹಾಕಿಕೊಂಡು ದಿನಸಿ ಚೀಟಿ ಬರೆದವನು ನಾನೇ. ಕಡ್ಲೆಹಿಟ್ಟು 2 ಕೆ.ಜಿ., ಸಕ್ಕರೆ 4 ಕೆ.ಜಿ. ಅಡಿಗೆಯವರಿಗೆ ಅನುಮಾನ ಬಂತು. "ಸಕ್ಕರೆ ಸಾಲ್ದು ಸ್ವಾಮಿ" ಅಂದರು. "ಅಮ್ಮನ ಲೆಕ್ಕ, ಸುಮ್ನೆ ಮಾಡ್ರೀ" ಅಂದೆ. ತಟ್ಟೆಗೆ ಸುರಿದದ್ದು ಮೈಸೂರು ಪಾಕ್ ಅಲ್ಲ, ಹಿಟ್ಟಿನ ಮುದ್ದೆ! ಬೀಗರ ಎದುರು ಬೇಕರಿ ಪೊಟ್ಟಣ ಬಿಚ್ಚಬೇಕಾಯ್ತು. ಹಿಟ್ಟು, ತುಪ್ಪದ ದುಡ್ಡು ಹೋದದ್ದು ಹಾಗಿರಲಿ, ಅಮ್ಮ ಆ ದಿನ ಅಡಿಗೆಮನೆ ಬಿಟ್ಟು ಈಚೆಗೆ ಬರಲೇ ಇಲ್ಲ.

ತಪ್ಪಿದ್ದೆಲ್ಲಿ?

ಪಾವು ಅಳೆಯೋದು ಜಾಗವನ್ನು, ತಕ್ಕಡಿ ಅಳೆಯೋದು ಭಾರವನ್ನು. ಒಂದು ಲೀಟರ್ ಡಬ್ಬಿಗೆ ನೀರು ತುಂಬಿ, 1 ಕೆ.ಜಿ. ತೂಗುತ್ತದೆ. ಅದೇ ಡಬ್ಬಿಗೆ ಸಕ್ಕರೆ ತುಂಬಿದರೆ ಸುಮಾರು 850 ಗ್ರಾಂ. ಜರಡಿ ಹಿಡಿದ ಕಡ್ಲೆಹಿಟ್ಟಾದರೆ ಅರ್ಧ ಕೆ.ಜಿ.ಯೂ ಹಿಡಿಯದು. ಮಂಡಕ್ಕಿಯ ಮಾತಂತೂ ಬಿಡಿ, ಡಬ್ಬಿ ತುಂಬಿದರೂ ಕಾಲು ಕೆ.ಜಿ. ದಾಟೋಲ್ಲ.

ಅಂದರೆ ಅಳತೆಯಲ್ಲಿ ಒಂದಕ್ಕೆರಡು ಆದದ್ದು ತೂಕದಲ್ಲಿ ಹತ್ತತ್ತಿರ ಒಂದಕ್ಕೆ ನಾಲ್ಕು! ಅಮ್ಮನ ಲೆಕ್ಕದ ಪ್ರಕಾರ 2 ಕೆ.ಜಿ. ಹಿಟ್ಟಿಗೆ 8 ಕೆ.ಜಿ. ಆಸುಪಾಸು ಸಕ್ಕರೆ ಬೇಕಿತ್ತು. ನಾನು ತಂದದ್ದು ಅದರಲ್ಲಿ ಅರ್ಧ.

ಅಂಗಡಿ ಬದಲಾಯ್ತು, ಒಲೆ ಬದಲಾಗಲಿಲ್ಲ

ತೂಕ-ಅಳತೆಯ ಕಾಯ್ದೆ ಬಂದದ್ದು 1956ರಲ್ಲಿ. 1958ರ ಅಕ್ಟೋಬರಿನಿಂದ ಕಿಲೋ ಬಟ್ಟುಗಳು ಹಂತಹಂತವಾಗಿ ಅಂಗಡಿ ಸೇರಿದವು. ಅದಕ್ಕೆ ಮೊದಲು ಸೇರು ಅನ್ನೋ ಒಂದೇ ಹೆಸರು ತೂಕಕ್ಕೂ ಇತ್ತು, ಅಳತೆಗೂ ಇತ್ತು. 80 ತೊಲದ ತೂಕದ ಸೇರು ಅಂದರೆ 933 ಗ್ರಾಂ. ಕಾಳು ಅಳೆಯುವ ಸೇರೇ ಬೇರೆ, ಅದೂ ಊರಿಂದ ಊರಿಗೆ ಬೇರೆ. ಇವತ್ತಿಗೂ ದಾವಣಗೆರೆ ಕಡೆ ಮಂಡಕ್ಕಿ ಕೇಳೋದು ಸೇರಿನ ಲೆಕ್ಕದಲ್ಲೇ.

ಎಣ್ಣೆಯಲ್ಲೂ ಇದೇ ಕಥೆ. ಲೀಟರ್ ಪ್ಯಾಕೆಟ್ಟಿನ ಮೇಲೆ ಸಣ್ಣಕ್ಷರದಲ್ಲಿ 910 ಗ್ರಾಂ ಅಂತ ಇರುತ್ತದೆ, ಕಣ್ಣಿಟ್ಟು ನೋಡಿ. ಒಂದು ಅಂಗಡಿಯ ಲೀಟರ್ ರೇಟು, ಇನ್ನೊಂದು ಅಂಗಡಿಯ ಕಿಲೋ ರೇಟು ಪಕ್ಕಪಕ್ಕ ಇಟ್ಟು 'ಇದೇ ಅಗ್ಗ' ಅನ್ನುವವರು ಮೋಸ ಹೋಗುತ್ತಾರೆ.

ಮತ್ತೆ ಉಪಾಯ?

ಹಬ್ಬಕ್ಕೆ ಮುಂಚೆ ನಿಮ್ಮ ಮನೆಯ ಪಾವನ್ನೇ ಅಂಗಡಿಗೆ ಒಯ್ಯಿರಿ. ಅಕ್ಕಿ, ಸಕ್ಕರೆ, ಕಡ್ಲೆಹಿಟ್ಟು, ರವೆ, ಒಂದೊಂದನ್ನೂ ಅದರಲ್ಲಿ ತುಂಬಿ ತೂಗಿಸಿ. ಗೋಪುರ ಕಟ್ಟಬೇಡಿ, ಅಂಗೈಯಿಂದ ಸವರಿ ಮಟ್ಟ ಮಾಡಿ. ಹಿಟ್ಟನ್ನು ಕುಟ್ಟಿ ತುಂಬಿದರೆ ತೂಕ ಏರುತ್ತೆ, ಮನೆಯಲ್ಲಿ ಹೇಗೆ ತುಂಬುತ್ತೀರೋ ಹಾಗೇ ತುಂಬಿ. ಬಂದ ಗ್ರಾಮಿನ ಲೆಕ್ಕ ಬೀರುವಿನ ಬಾಗಿಲ ಒಳಗೆ ಬರೆದಿಡಿ. ಮುಂದೆ ಯಾರ ಮದುವೆಗೂ ಚೀಟಿ ತಪ್ಪೋಲ್ಲ.

ನಮ್ಮ ಮನೆಯಲ್ಲಿ? ಅಮ್ಮ ಈಗ ಚೀಟಿ ಬರೆಯೋ ಕೆಲಸ ನನಗೆ ಕೊಡೋಲ್ಲ. ಕೈಚೀಲದೊಳಗೆ ಪಾವನ್ನೇ ಹಾಕಿ ಕಳಿಸ್ತಾರೆ!