ವ್ರಣದ ವರ್ಣವೂ ಆಮ್ಲಜನಕದ ಬಿಂಬವೂ

ಚುಂಚನಕಟ್ಟೆಯಲ್ಲಿ ಕಾವೇರಿಯು ಬಂಡೆಗಳ ಮೇಲಿನಿಂದ ಧುಮುಕುವ ಎಡೆಯ ಆಸುಪಾಸಿನಲ್ಲಿ ಭತ್ತದ ಗದ್ದೆಗಳು ಹಬ್ಬಿಕೊಂಡಿವೆ. ಆ ಕೆಸರಿನಲ್ಲಿ ಬರಿಗಾಲಿನಿಂದ ದುಡಿಯುವ ರೈತನಿಗೆ ಮಧುಮೇಹವು ಬಲಿತು ಪಾದವು ಸ್ಪರ್ಶಜ್ಞಾನವನ್ನು ಕಳೆದುಕೊಂಡಿದ್ದರೆ, ಕೂಳೆ ಚುಚ್ಚಿದುದೂ ಅವನಿಗೆ ತಿಳಿಯುವುದಿಲ್ಲ. ಗಾಯವು ಕಣ್ಣಿಗೆ ಬೀಳುವ ವೇಳೆಗೆ ಹಲವು ದಿನಗಳು ಕಳೆದಿರುತ್ತವೆ. ಆಗ ವೈದ್ಯನ ಎದುರಿಗಿರುವ ಪ್ರಶ್ನೆ ಇಷ್ಟೇ: ಈ ವ್ರಣವು ಮಾಯುವುದೋ, ಪಾದವನ್ನೇ ಛೇದಿಸಬೇಕಾಗುವುದೋ? ಗಾಯದ ಅಂಚಿನ ಮಾಂಸಕ್ಕೆ ರಕ್ತವು ಎಷ್ಟು ಆಮ್ಲಜನಕವನ್ನು ತಲಪಿಸುತ್ತಿರುವುದೆಂಬುದರ ಮೇಲೆ ಇದರ ಉತ್ತರವು ಬಹುಮಟ್ಟಿಗೆ ನಿಂತಿರುವುದು.

ವ್ರಣದ ಬಣ್ಣವನ್ನು ನೋಡಿ ಅದರ ಗತಿಯನ್ನು ನಿರ್ಣಯಿಸುವ ಕ್ರಮವು ನಮ್ಮಲ್ಲಿ ಪುರಾತನವಾದುದು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಮೊದಲನೆಯ ಅಧ್ಯಾಯವಾದ ದ್ವಿವ್ರಣೀಯದಲ್ಲಿ ವ್ರಣಕ್ಕೆ ಅರುವತ್ತು ಉಪಕ್ರಮಗಳು ಹೇಳಲ್ಪಟ್ಟಿವೆ. ಅಲ್ಲಿಯೇ ಶುದ್ಧವ್ರಣವು ನಾಲಗೆಯ ಬಣ್ಣವುಳ್ಳದ್ದೆಂದು ಲಕ್ಷಣವನ್ನೂ ಕೊಟ್ಟಿದೆ. ನಾಲಗೆಯು ರಕ್ತಪುಷ್ಟವಾದ ಅಂಗ. ಆಚಾರ್ಯನು ಈ ಉಪಮಾನವನ್ನು ಸುಮ್ಮನೆ ಆರಿಸಿಕೊಂಡಿರಲಾರನು.

ಇಲ್ಲಿ ಶಬ್ದದ ವಿಷಯವಾಗಿ ಒಂದು ಮಾತು. ಆಮ್ಲಜನಕವೆಂಬುದು ಲವಾಸಿಯೇ ಎಂಬ ಫ್ರೆಂಚ್ ಪಂಡಿತನು ಇಟ್ಟ ಹೆಸರಿನ ಅನುವಾದ. ಎಲ್ಲ ಆಮ್ಲಗಳಿಗೂ ಈ ವಾಯುವೇ ಕಾರಣವೆಂದು ಅವನು ನಂಬಿದ್ದನು. 1810ರಲ್ಲಿ ಡೇವಿಯು ಇದು ಸರಿಯಲ್ಲವೆಂದು ತೋರಿಸಿದನು. ತಪ್ಪು ಹೋದರೂ ಹೆಸರು ಉಳಿದು ಕನ್ನಡಕ್ಕೂ ಬಂದಿತು. ಪ್ರಾಣವಾಯುವೆಂಬ ಪರ್ಯಾಯವು ಮಧುರವಾದರೂ ಪಂಚವಾಯುಗಳಲ್ಲಿ ಮೊದಲನೆಯದರೊಡನೆ ಗೊಂದಲವುಂಟಾಗುವುದರಿಂದ ಶಾಸ್ತ್ರಬರಹಕ್ಕೆ ತಕ್ಕುದಲ್ಲ.

ಇನ್ನು ಯಂತ್ರದ ವಿಚಾರ. ಆಮ್ಲಜನಕವನ್ನು ಹೊತ್ತ ರಕ್ತವು ಹೊಳೆವ ಕೆಂಪು, ಕಳೆದುಕೊಂಡ ರಕ್ತವು ಕಪ್ಪಿಡುವ ಕೆಂಪು. ಈ ಭೇದವು ಹಿಮೋಗ್ಲೋಬಿನ್ನಿನ ಗುಣವೆಂಬುದನ್ನು 1864ರಲ್ಲಿ ಸ್ಟೋಕ್ಸನು ಬೆಳಕನ್ನು ಬಿಡಿಸಿ ನೋಡಿ ತಿಳಿಸಿದನು. 660 ನ್ಯಾನೋಮೀಟರಿನ ಕೆಂಪು ಬೆಳಕನ್ನು ಆಮ್ಲಜನಕರಹಿತವಾದುದು ಹೆಚ್ಚಾಗಿ ಹೀರುವುದು. 940ರ ಸುಮಾರಿನ, ಕಣ್ಣಿಗೆ ಕಾಣದ ಅವರಕ್ತ ಕಿರಣವನ್ನು ಆಮ್ಲಜನಕಯುಕ್ತವಾದುದು ಹೆಚ್ಚಾಗಿ ಹೀರುವುದು. ಸುಮಾರು 800ರಲ್ಲಿ ಎರಡೂ ಸಮ. ಅವರಕ್ತ ಕಿರಣವು ಚರ್ಮವನ್ನು ಹೊಕ್ಕು ಒಳಗಿನ ವಿಷಯವನ್ನು ಹೇಳಬಲ್ಲುದೆಂದು 1977ರಲ್ಲಿ ಯೋಬ್ಸಿಸನು ತೋರಿಸಿಕೊಟ್ಟನು. ಹಲವು ತರಂಗಗಳ ಬೆಳಕನ್ನು ಪಾದದ ಮೇಲೆ ಚೆಲ್ಲಿ, ಹಿಂದಿರುಗಿದುದನ್ನು ಛಾಯಾಗ್ರಾಹಕದಿಂದ ಹಿಡಿದು, ಬಿಂದುಬಿಂದುವಿಗೂ ಎರಡು ಬಗೆಯ ಹಿಮೋಗ್ಲೋಬಿನ್ನಿನ ಪ್ರಮಾಣವನ್ನು ಗಣಿಸಿದರೆ ಆಮ್ಲಜನಕದ ನಕ್ಷೆಯೊಂದು ಮೂಡುವುದು. ಸೂಜಿಯಿಲ್ಲ, ಗಾಯವನ್ನು ಮುಟ್ಟುವುದೂ ಇಲ್ಲ.

ಇದಕ್ಕೆ ಮುಂಚಿನಿಂದಲೂ ಇರುವ ವಿಧಾನದಲ್ಲಿ ಬೆಚ್ಚಗಿನ ವಿದ್ಯುದ್ವಾರವನ್ನು ಚರ್ಮಕ್ಕೆ ಅಂಟಿಸಿ ಕಾಲುಗಂಟೆಯಷ್ಟು ಕಾಯುವರು. ಅಳತೆಯು 30 ಮಿಲಿಮೀಟರ್ ಪಾದರಸಕ್ಕಿಂತ ಕಡಮೆಯಾದರೆ ಮಾಯುವ ಆಸೆಯು ಕ್ಷೀಣವೆಂದೇ ಎಣಿಕೆ. ಆದರೆ ಅದು ಒತ್ತಡದ ಅಳತೆ, ಅದೂ ಅಂಟಿಸಿದ ಒಂದೆಡೆಯದು. ನಕ್ಷೆಯು ತೋರಿಸುವುದು ರಕ್ತದಲ್ಲಿ ಆಮ್ಲಜನಕವು ತುಂಬಿರುವ ಪಾಲನ್ನು. ಒಂದನ್ನು ಇನ್ನೊಂದೆಂದು ಓದುವುದು ಪ್ರಮಾದ.

ಕನ್ನಡನಾಡಿನ ಪಾದಗಳಿಗೆ ಸಂಬಂಧಿಸಿದ ಮುಖ್ಯ ತೊಡಕು ಬೇರೆಯೇ ಇದೆ. ಚರ್ಮದ ಕಪ್ಪಿಗೆ ಕಾರಣವಾದ ಮೆಲನಿನ್ ಕೂಡ ಬೆಳಕನ್ನು ಹೀರುವುದು. ಬೆರಳಿಗೆ ತೊಡಿಸುವ ಆಮ್ಲಜನಕಮಾಪಕದ ವಿಷಯವಾಗಿ 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ, ಯಂತ್ರಕ್ಕೆ ಕಾಣದೆ ಹೋದ ಆಮ್ಲಜನಕದ ಕೊರತೆಯು ಬಿಳಿಯರಿಗಿಂತ ಕರಿಯರಲ್ಲಿ ಸುಮಾರು ಮೂರರಷ್ಟು ಹೆಚ್ಚಾಗಿ ಕಂಡುಬಂದಿತು. ಬಿಳಿಯ ಚರ್ಮದ ಮೇಲೆ ಹದಗೊಳಿಸಿದ ಯಂತ್ರವು ಬಿಸಿಲಿನಲ್ಲಿ ಕಂದಿದ ಪಾದದ ಮೇಲೆ ಸುಳ್ಳು ಧೈರ್ಯವನ್ನು ಹೇಳಿದರೆ, ಬೆಲೆಯನ್ನು ತೆರುವವನು ರೋಗಿ. ಇದಲ್ಲದೆ ಹಿಮ್ಮಡಿಯ ದಡ್ಡುಗಟ್ಟಿದ ಚರ್ಮ, ಗಾಯದ ಮೇಲಿನ ಹೆಪ್ಪು, ಇವೂ ನಕ್ಷೆಯನ್ನು ಕೆಡಿಸುವುವು. ಬೆಳಕು ಹೊಗುವುದು ಕೆಲವೇ ಮಿಲಿಮೀಟರುಗಳಷ್ಟು. ಆಳದ ಎಲುಬಿನ ಸ್ಥಿತಿಯನ್ನು ಅದು ಹೇಳದು.

ಆದಕಾರಣ ತಿಳಿದ ವೈದ್ಯರು ಒಂದು ಅಂಕೆಯನ್ನೇ ನೆಚ್ಚದೆ, ಅದೇ ರೋಗಿಯ ಎರಡು ಪಾದಗಳನ್ನು ಹೋಲಿಸುವರು. ನಾಡಿಯನ್ನು ಕೈಯಿಂದ ಮುಟ್ಟಿ ನೋಡುವರು. ಕಾಲಿನ ಧಮನಿಯ ಅಡ್ಡಿಯನ್ನು ಬಿಡಿಸಿದ ಮೇಲೆ ಪಾದವನ್ನು ಮತ್ತೆ ಚಿತ್ರಿಸಿ, ಮೊದಲು ಕೊರತೆಯಿದ್ದ ಎಡೆಯು ತುಂಬಿತೇ ಎಂದು ಪರೀಕ್ಷಿಸುವುದೂ ಉಂಟು.