ಚಿಗರಿ ಬೇಟೆಗಾರರ ನುಡಿ: ತಪ್ಪು ಕಲ್ಪನೆ ಮತ್ತು ಸತ್ಯ

ಕದರಮಂಡಲಗಿ ಸೇರಿದ ಬ್ಯಾಡಗಿ–ರಾಣೆಬೆನ್ನೂರು ಸೀಮೆಯ ಬಯಲು ಹಿಂದಿನಿಂದಲೂ ಚಿಗರಿಗಳ, ಅಂದರೆ ಕೃಷ್ಣಮೃಗಗಳ, ನೆಲೆಯಾಗಿದ್ದು, ಅವುಗಳನ್ನು ಉರುಲೊಡ್ಡಿ ಹಿಡಿಯುತ್ತಿದ್ದ ಸಮುದಾಯವನ್ನು ಉತ್ತರ ಕರ್ನಾಟಕದ ಜನ ಚಿಗರಿ ಬೇಟೆಗಾರರೆಂದೂ ಹರಣಶಿಕಾರಿಗಳೆಂದೂ ಕರೆದಿದ್ದಾರೆ. ಇವರು ಇಲ್ಲಿನ ಕಾಡಿನ ಮೂಲನಿವಾಸಿಗಳೆಂದೂ, ಇವರ ಮಾತು ಕನ್ನಡ, ಮರಾಠಿ, ತೆಲುಗುಗಳ ಕಲಬೆರಕೆಯೆಂದೂ, ಇಲ್ಲವೇ ಹೊರಗಿನವರಿಗೆ ತಿಳಿಯದಿರಲೆಂದು ಕಟ್ಟಿಕೊಂಡ ಗುಪ್ತಭಾಷೆಯೆಂದೂ ಹಲವರು ನಂಬಿದ್ದಾರೆ.

ಮನೆಯೊಳಗೆ ಇವರಾಡುವ ನುಡಿ ವಾಗ್ರಿ. ಇದು ಸಂಸ್ಕೃತ, ಪ್ರಾಕೃತಗಳ ಬಳಿಯ ಇಂಡೋ-ಆರ್ಯನ್ ಭಾಷಾವರ್ಗಕ್ಕೆ ಸೇರಿದ್ದು, ಗುಜರಾತಿ ಮತ್ತು ಭೀಲಿ ಭಾಷೆಗಳಿಗೆ ಹತ್ತಿರವಾದದ್ದು. ಜಿ. ಶ್ರೀನಿವಾಸ ವರ್ಮ ಅವರು 1970ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದಿಂದ ಪ್ರಕಟಿಸಿದ ಅಧ್ಯಯನವು ಈ ಭಾಷೆಯ ವ್ಯಾಕರಣವನ್ನೇ ವಿವರಿಸಿದೆ; ಲಿಪಿಯಿಲ್ಲದ ಮಾತ್ರಕ್ಕೆ ವ್ಯಾಕರಣವೂ ಇಲ್ಲವೆನ್ನುವುದು ಅನ್ಯಾಯದ ಮಾತು. ಎರವಲು ಪದಗಳು ಭಾಷೆಯ ಕುಲವನ್ನು ಬದಲಿಸುವುದಿಲ್ಲ: ಕಚೇರಿ, ಜಮೀನುಗಳನ್ನು ಹೊರಗಿನಿಂದ ಪಡೆದ ಕನ್ನಡವೂ ದ್ರಾವಿಡ ಭಾಷೆಯಾಗಿಯೇ ಉಳಿದಿದೆ.

ಹೆಸರುಗಳನ್ನೇ ಬಿಡಿಸಿ ನೋಡಬಹುದು. ‘ಹರಣ’ವು ಹರಿಣದ ರೂಪ, ‘ಶಿಕಾರಿ’ ಪಾರಸಿಯದು. ಇವರ ಬಂಧುವರ್ಗವಾದ ಹಕ್ಕಿಪಿಕ್ಕಿಗಳ ಹೆಸರಿನಲ್ಲಿರುವುದು ಕನ್ನಡದ ಹಕ್ಕಿ. ಇವೆಲ್ಲ ಕಸುಬು ಕಂಡು ಅನ್ಯರು ಇಟ್ಟ ಹೆಸರುಗಳು. ಆದರೆ ಹಕ್ಕಿಪಿಕ್ಕಿಗಳು ತಮ್ಮ ಒಳಪಂಗಡಗಳಿಗೆ ಗುಜರಾತಿಯಾ, ಮೇವಾಡಾ, ಕಾಳಿವಾಲಾ, ಪಂವಾರಾ ಎನ್ನುತ್ತಾರೆ. ಇವುಗಳಲ್ಲಿ ಮೊದಲೆರಡು ಗುಜರಾತ್ ಮತ್ತು ರಾಜಸ್ಥಾನದ ಮೇವಾಡವನ್ನು ನೇರವಾಗಿ ತೋರುತ್ತವೆ. ತಾವು ರಾಣಾ ಪ್ರತಾಪನ ಕಡೆಯವರೆಂಬ ಅವರ ಮೌಖಿಕ ಪರಂಪರೆಯನ್ನು ಗೌರವದಿಂದಲೇ ಕೇಳಬೇಕು. ಭಾಷೆಯು ಭಾರತದ ವಾಯವ್ಯದ ನಂಟನ್ನು ದೃಢಪಡಿಸುತ್ತದೆಯಾದರೂ ಒಬ್ಬ ಅರಸನ ವಂಶಾವಳಿಯನ್ನು ಭಾಷೆಯಿಂದ ಸಾಧಿಸಲಾಗದು.

ಗುಪ್ತಭಾಷೆಯೆಂಬ ಆರೋಪಕ್ಕೆ ಇಂಬು ಕೊಟ್ಟದ್ದು, 1871ರಲ್ಲಿ ಆರಂಭವಾಗಿ ಮುಂದೆ ಮುಂಬಯಿ ಪ್ರಾಂತಕ್ಕೂ ಹಬ್ಬಿದ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಹುಟ್ಟಿನಿಂದಲೇ ಮನುಷ್ಯರನ್ನು ಕಳ್ಳರೆಂದು ದಾಖಲಿಸಿದ ಆ ಕ್ರೂರ ಕಾನೂನು 1952ರಲ್ಲಿ ರದ್ದಾದರೂ, ಹುಬ್ಬಳ್ಳಿ, ಗದಗಗಳ ವಸಾಹತುಗಳಲ್ಲಿ ಹಾಜರಿ ಕೊಟ್ಟವರ ಮನೆಮಾತಿನ ಮೇಲಿನ ಸಂಶಯ ಅಳಿಯಲಿಲ್ಲ.

ಬೇಟೆಗಾರರೆಲ್ಲರ ಮೂಲ ಒಂದೇ, ಕಸುಬು ಹೋದರೆ ನುಡಿಯೂ ಹೋಗಲೇಬೇಕು ಎಂಬ ಊಹೆಯೂ ನಿಲ್ಲದು. ಬೇರೆಡೆ ಹಾಗಾದದ್ದುಂಟು: ಕೀನ್ಯಾದ ಮುಕೊಗೊಡೊ ಕಾಡಿನಲ್ಲಿ ಬೇಟೆಯಾಡಿ ಜೇನು ಕೀಳುತ್ತಿದ್ದ ಯಾಕು ಜನರು, ಆಫ್ರಿಕದ ಈಶಾನ್ಯ ಭಾಗದ ಕುಶಿಟಿಕ್ ಭಾಷಾವರ್ಗಕ್ಕೆ ಸೇರಿದ ತಮ್ಮ ನುಡಿಯನ್ನು 20ನೇ ಶತಮಾನದಲ್ಲಿ ಬಿಟ್ಟು, ದನಕರುಗಳೊಂದಿಗೆ ಮಾಸಾಯಿ ಜನರ ಭಾಷೆಯನ್ನೂ ತಮ್ಮದಾಗಿಸಿಕೊಂಡರು. ಇಲ್ಲಿಯಾದರೋ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಲ್ಲಿಸಿತು, 1974ರಲ್ಲಿ ರಾಣೆಬೆನ್ನೂರಿನ ಬಯಲು ಕೃಷ್ಣಮೃಗಗಳ ಅಭಯಾರಣ್ಯವಾಯಿತು. ಆದರೂ ಸಂತೆಯಲ್ಲಿ ಕನ್ನಡದಲ್ಲಿ ವ್ಯಾಪಾರ ಮಾಡುವ ಹರಣಶಿಕಾರಿಗಳು ಮನೆಯಲ್ಲಿ ಇಂದಿಗೂ ವಾಗ್ರಿಯನ್ನೇ ಆಡುತ್ತಾರೆ.