ಹಿಮದ ನಾಡಿನಲ್ಲೊಂದು ಕನ್ನಡದ ಮಗು

ನಮ್ಮ ಕಾಸರಗೋಡಿನ ಹಳ್ಳಿಗಳಿಂದ ಹೊಟ್ಟೆಪಾಡಿಗಾಗಿ ಕಡಲು ದಾಟಿದವರು ಬಹಳ ಮಂದಿ. ಆದರೆ ಅವರಲ್ಲಿ ಹೆಚ್ಚಿನವರು ಹೋದದ್ದು ಕೊಲ್ಲಿ ದೇಶಗಳಿಗೆ, ಅಂದರೆ ಬಿಸಿಲಿನಿಂದ ಬಿಸಿಲಿಗೆ. ಬಿಸಿಲು ನಮಗೆ ಹೊಸತಲ್ಲ. ಚಳಿಯ ದೇಶಕ್ಕೆ, ಅದೂ ನಟ್ಟ ಚಳಿಗಾಲದಲ್ಲಿ, ಈಗಷ್ಟೇ ಓಡಾಡಲು ಕಲಿತ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಹೋಗುವ ಸಂಸಾರದ ಪಾಡೇನು ಎಂಬುದನ್ನು ನಾವು ಕಳೆದ ಚಳಿಗಾಲದಲ್ಲಿ ಕಣ್ಣಾರೆ ಕಂಡೆವು. ನಮ್ಮಂತೆಯೇ ಮಕ್ಕಳನ್ನು ದೂರದ ದೇಶಕ್ಕೆ ಕಳುಹಿಸಿಕೊಟ್ಟು, ರಾತ್ರಿ ನಿದ್ದೆ ಬಾರದೆ ಹೊರಳಾಡುವ ಹಿರಿಯರಿಗೆ ಈ ಬರಹದಿಂದ ಸ್ವಲ್ಪ ಸಮಾಧಾನ ದೊರೆತರೆ ನಮ್ಮ ಶ್ರಮ ಸಾರ್ಥಕ.

ನಮ್ಮ ಅಳಿಯನಿಗೆ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಗೆ ಹೊಂದಿಕೊಂಡಿರುವ ಎಸ್ಪೋ ನಗರದಲ್ಲಿ ಉದ್ಯೋಗ ದೊರೆಯಿತು. ನವೆಂಬರ್ ತಿಂಗಳ ಕೊನೆಗೆ ಆತ, ನಮ್ಮ ಮಗಳು ಮತ್ತು ಒಂದು ವರ್ಷ ಹತ್ತು ತಿಂಗಳ ಮೊಮ್ಮಗಳು ಹೊರಟುಹೋದರು. ಮೂರು ವಾರ ಕಳೆಯುವಷ್ಟರಲ್ಲಿ ಮಗಳ ದೂರವಾಣಿ ಬಂತು. "ಅಪ್ಪಾ, ಪುಟ್ಟಿ ಮಾತಾಡುವುದಿಲ್ಲ. ಒಂದೇ ಒಂದು ಮಾತೂ ಇಲ್ಲ. ನನಗೆ ಎಂತ ಮಾಡುವುದೆಂದೇ ಗೊತ್ತಾಗುವುದಿಲ್ಲ" ಎಂದು ಆಕೆ ಅತ್ತಳು. ಕ್ರಿಸ್ಮಸ್ ರಜೆಗೆ ಇನ್ನಷ್ಟು ರಜೆಯನ್ನು ಸೇರಿಸಿಕೊಂಡು ನಾವು ದಂಪತಿಗಳು ಹೊರಟೆವು.

ಮೊದಲು ನಮ್ಮನ್ನು ಕಂಗೆಡಿಸಿದ್ದು ಚಳಿಯಲ್ಲ, ಕತ್ತಲೆ. ಆ ಊರು ಭೂಮಧ್ಯರೇಖೆಯಿಂದ ಉತ್ತರಕ್ಕೆ 60 ಡಿಗ್ರಿಯಲ್ಲಿದೆ. ನಮ್ಮ ಕಾಸರಗೋಡು ಹನ್ನೆರಡೂವರೆ ಡಿಗ್ರಿಯಲ್ಲಿ. ಡಿಸೆಂಬರ್ ಇಪ್ಪತ್ತೊಂದರ ಸುಮಾರಿಗೆ ಅಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ ಒಂಬತ್ತೂವರೆಯ ಹೊತ್ತಿಗೆ. ಮುಳುಗುವುದು ಮಧ್ಯಾಹ್ನ ಮೂರೂಕಾಲಕ್ಕೆ. ಇಡೀ ಹಗಲು ಆರು ಗಂಟೆಗೂ ಕಡಿಮೆ. ಆ ಆರು ಗಂಟೆಗಳಲ್ಲಿಯೂ ಮೋಡ ಕವಿದರೆ ಆಟಿ ತಿಂಗಳ ಸಂಜೆಯಂತೆ ಮಂಕು. ಹಗಲು ಯಾವುದು, ಇರುಳು ಯಾವುದು ಎಂದು ಮಗುವಿನ ದೇಹಕ್ಕೆ ತಿಳಿಯುವುದೆಂತು? ಪುಟ್ಟಿ ರಾತ್ರಿ ಎರಡು ಗಂಟೆಗೆ ಎದ್ದು ಕುಳಿತುಕೊಳ್ಳುತ್ತಿದ್ದಳು. ಊಟದ ಹೊತ್ತಿನಲ್ಲಿ ನಿದ್ದೆ ಹೋಗುತ್ತಿದ್ದಳು. ಮಗಳ ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು. ಅಳಿಯ ಬೆಳಗ್ಗೆ ಕತ್ತಲೆಯಲ್ಲಿ ಹೊರಟು ಸಂಜೆ ಕತ್ತಲೆಯಲ್ಲಿ ಮರಳುತ್ತಿದ್ದ.

ಎರಡನೆಯ ಕಷ್ಟ ಉಡುಗೆಯದು. ಊರಿನಲ್ಲಿ ಒಂದು ಜುಬ್ಬ ಹಾಕಿದರೆ ಅಂಗಳಕ್ಕೆ ಓಡುತ್ತಿದ್ದ ಮಗುವಿಗೆ ಅಲ್ಲಿ ಮೈಗೆ ಅಂಟಿದ ಒಳ ಉಡುಪು, ಅದರ ಮೇಲೆ ಉಣ್ಣೆಯದೊಂದು, ಅದರ ಮೇಲೆ ಅಡಿಯಿಂದ ಮುಡಿಯವರೆಗೆ ಒಂದೇ ಆಗಿರುವ, ಒಳಗೆ ದಪ್ಪ ಪದರವಿರುವ ಹೊರ ಉಡುಪು, ಉಣ್ಣೆಯ ಕಾಲುಚೀಲ, ಕೈಗವಸು, ಕಿವಿ ಮತ್ತು ಕೊರಳನ್ನು ಒಟ್ಟಿಗೆ ಮುಚ್ಚುವ ಟೊಪ್ಪಿ. ಇಷ್ಟನ್ನು ತೊಡಿಸಲು ಇಪ್ಪತ್ತು ನಿಮಿಷ ಬೇಕು. ತೊಡಿಸಿ ಮುಗಿಯುವ ಹೊತ್ತಿಗೆ ಸರಿಯಾಗಿ ಮಗು ಮೂತ್ರ ಮಾಡುತ್ತದೆ. ಮತ್ತೆ ಮೊದಲಿನಿಂದ ಆರಂಭ! ನಮ್ಮಾಕೆ ಇದನ್ನು ಕಂಡು, "ದೇವರಿಗೆ ಅಲಂಕಾರ ಮಾಡುವುದು ಇದಕ್ಕಿಂತ ಸುಲಭ" ಎಂದಳು.

ಮನೆಯೊಳಗೆ ಮಾತ್ರ ಚಳಿಯಿರಲಿಲ್ಲ. ಕಿಟಕಿಗಳಿಗೆ ಮೂರು ಪದರದ ಗಾಜು. ಕೋಣೆಗಳಲ್ಲಿ ಇಪ್ಪತ್ತೊಂದು ಡಿಗ್ರಿಯಷ್ಟು ಬಿಸುಪು. ಹೊರಗಿನ ಪಾದರಕ್ಷೆಯನ್ನು ಬಾಗಿಲಲ್ಲಿಯೇ ಬಿಟ್ಟು ಒಳಗೆ ಬರುವ ಕ್ರಮ ಅವರಲ್ಲಿಯೂ ಇರುವುದನ್ನು ಕಂಡು ನಮಗೆ ಸಂತೋಷವಾಯಿತು. ಆದರೆ ಗಾಳಿ ಬಹಳ ಒಣ. ಮಗುವಿನ ಕೆನ್ನೆ ಒಡೆದಿತ್ತು. ನಮ್ಮಾಕೆ ಊರಿನಿಂದ ಒಯ್ದ ತೆಂಗಿನೆಣ್ಣೆ ಬಾಟಲಿಯಲ್ಲಿ ಬೆಣ್ಣೆಯಂತೆ ಗಟ್ಟಿಯಾಗಿ ಕುಳಿತಿತ್ತು. ಅದನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಮಗುವಿನ ಮೈಗೆ ಹಚ್ಚಿ ಮೀಯಿಸಿದ ದಿನ ಪುಟ್ಟಿ ಆರು ಗಂಟೆ ಎಡೆಬಿಡದೆ ನಿದ್ರಿಸಿದಳು. ಮಗಳೂ ನಿದ್ರಿಸಿದಳು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಊರಿನಿಂದ ಹೊರಡುವಾಗ ಪುಟ್ಟಿ ನಲುವತ್ತೊಂದು ಶಬ್ದಗಳನ್ನು ಆಡುತ್ತಿದ್ದಳು. ಉಪಾಧ್ಯಾಯನ ಚಾಳಿ, ನಾವು ಅವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೆವು. 'ಅಜ್ಜ', 'ಅಂಬಾ', 'ಬಾಳೆಣ್ಣು', 'ಹುಡಿ' ಇತ್ಯಾದಿ. ಎಸ್ಪೋ ತಲಪಿದ ಒಂದು ವಾರದಲ್ಲಿ ಇವೆಲ್ಲ ನಿಂತುಹೋದವು. ಬೇಕಾದುದನ್ನು ಬೆರಳಿನಿಂದ ತೋರಿಸುವುದು, ಇಲ್ಲವೇ ಅಳುವುದು. ಗಾಬರಿಗೊಂಡ ಮಗಳಿಗೆ ಪರಿಚಿತರೊಬ್ಬರು, "ಎರಡು ಮೂರು ಭಾಷೆ ಕಿವಿಗೆ ಬಿದ್ದರೆ ಮಗು ಗೊಂದಲಕ್ಕೀಡಾಗುತ್ತದೆ. ಕನ್ನಡ ಬಿಡಿ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ" ಎಂದು ಉಪದೇಶಿಸಿದ್ದರು. ತಾಯಿ ತಂದೆಯರು ಅದನ್ನು ನಂಬಿ ಹಾಗೆಯೇ ನಡೆದುಕೊಂಡಿದ್ದರು. ಪಾಪ, ಮಗುವಿನ ಪಾಲಿಗೆ ಊರು ಹೋಯಿತು, ಬಿಸಿಲು ಹೋಯಿತು, ಅಜ್ಜಿ ಹೋದಳು. ಕೊನೆಗೆ ಅಮ್ಮನ ಬಾಯಿಯ ಭಾಷೆಯೂ ಹೋಯಿತು!

ಆ ಪರಿಚಿತರನ್ನು ಬೈಯುವ ಅಧಿಕಾರ ನಮಗಿಲ್ಲ. ಅಧ್ಯಾಪಕ ತರಬೇತಿ ಮುಗಿಸಿ ಹೊಸತಾಗಿ ಶಾಲೆ ಸೇರಿದ ವರ್ಷ ನಾವೂ ಅದೇ ತಪ್ಪನ್ನು ಮಾಡಿದ್ದೇವೆ. ಜೂನ್ ತಿಂಗಳಲ್ಲಿ ಒಂದನೆಯ ತರಗತಿಗೆ ಸೇರಿದ ತುಳು ಮನೆಮಾತಿನ ಹುಡುಗನೊಬ್ಬ ಆಟಿ ಮುಗಿಯುವ ತನಕ ಬಾಯಿ ತೆರೆದಿರಲಿಲ್ಲ. ಅವನ ತಾಯಿಯನ್ನು ಕರೆಸಿ, "ಮನೆಯಲ್ಲಿ ತುಳು ಬಿಡಿ, ಕನ್ನಡ ಮಾತಾಡಿ" ಎಂದು ಹೇಳಿದೆವು. ಆ ತಾಯಿಗೆ ಕನ್ನಡ ಸರಿಯಾಗಿ ಬಾರದು. ಆಕೆ ಮಗನೊಡನೆ ಮಾತನ್ನೇ ಕಡಿಮೆ ಮಾಡಿದಳೆಂದು ನಮಗೆ ಬಹುಕಾಲದ ಮೇಲೆ ತಿಳಿಯಿತು. ಅನಂತರದ ವರ್ಷಗಳಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ ಮನೆಮಾತಿನ ನೂರಾರು ಮಕ್ಕಳು ಮೊದಲು ಮೌನವಾಗಿದ್ದು, ಮಳೆಗಾಲ ಕಳೆದೊಡನೆ ಹೊಳೆಯಂತೆ ಮಾತಾಡಿದ್ದನ್ನು ಕಂಡಿದ್ದೇವೆ. ಆದರೆ ತನ್ನ ಮನೆಯ ಮಗುವೇ ಮೌನವಾದಾಗ ಎಷ್ಟು ವರ್ಷದ ಅನುಭವವೂ ಧೈರ್ಯ ಕೊಡುವುದಿಲ್ಲ.

ಜನವರಿ ಮೊದಲ ವಾರದಲ್ಲಿ ಮಗುವನ್ನು ಅಲ್ಲಿನ ಶಿಶು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆವು. ಅದಕ್ಕೆ 'ನೆಉವೊಲಾ' ಎಂದು ಹೆಸರು. ಸಲಹೆ ಕೊಡುವ ಸ್ಥಳ ಎಂದು ಅರ್ಥ. 1922ರಲ್ಲಿ ಆರ್ವೋ ಉಲ್ಪ್ಯೋ ಎಂಬ ಮಕ್ಕಳ ವೈದ್ಯರ ಮುಂದಾಳುತನದಲ್ಲಿ ಆರಂಭವಾದ ಈ ಏರ್ಪಾಡನ್ನು 1944ರ ಕಾಯಿದೆಯು ಪ್ರತಿಯೊಂದು ಪೌರಾಡಳಿತದ ಕರ್ತವ್ಯವನ್ನಾಗಿಸಿತು. ಬಡವ ಬಲ್ಲಿದರೆನ್ನದೆ ಎಲ್ಲ ತಾಯಂದಿರೂ ಎಳೆಯ ಮಕ್ಕಳೂ ಅಲ್ಲಿಗೆ ಹೋಗುತ್ತಾರೆ, ಹಣ ಕೊಡಬೇಕಾಗಿಲ್ಲ.

ಅಲ್ಲಿದ್ದ ಹಿರಿಯ ದಾದಿ ಮಗುವಿನ ತೂಕ, ಎತ್ತರ ನೋಡಿದರು. ಕಿವಿ ಕೇಳಿಸುವುದೇ ಎಂದು ಪರೀಕ್ಷಿಸಿದರು. ಸೂರ್ಯನಿಲ್ಲದ ಕಾಲದಲ್ಲಿ ದಿನಂಪ್ರತಿ ಕೊಡಬೇಕಾದ 'ಡಿ' ಜೀವಸತ್ವದ ಹನಿಗಳ ಬಗ್ಗೆ ವಿಚಾರಿಸಿದರು. ಆ ವಯಸ್ಸಿಗೆ ದಿನಕ್ಕೆ 10 ಮೈಕ್ರೋಗ್ರಾಂ. ಬಳಿಕ ನಮ್ಮ ಮಗಳನ್ನು ನೋಡಿ ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದರು: "ನೀವು ಮಗುವನ್ನು ಮಲಗಿಸುವಾಗ ಯಾವ ಭಾಷೆಯಲ್ಲಿ ಹಾಡುತ್ತೀರಿ?" ಮಗಳು ತಲೆ ತಗ್ಗಿಸಿ, "ಮೊದಲು ನನ್ನ ಭಾಷೆಯಲ್ಲಿ ಹಾಡುತ್ತಿದ್ದೆ, ಈಗ ಹಾಡುವುದಿಲ್ಲ" ಎಂದಳು. "ಹಾಗಾದರೆ ಮತ್ತೆ ಹಾಡಿ. ನಿಮಗೆ ಚೆನ್ನಾಗಿ ಬರುವ ಭಾಷೆಯನ್ನೇ ಮನೆಯಲ್ಲಿ ಆಡಿ. ನಮ್ಮ ಭಾಷೆಯನ್ನು ನಾವು ಕಲಿಸುತ್ತೇವೆ" ಎಂದು ಅವರು ಹೇಳಿದರು. ಹಲವು ಭಾಷೆ ಕೇಳುವುದರಿಂದ ಮಕ್ಕಳ ಮಾತು ಕುಂಠಿತವಾಗುವುದಿಲ್ಲವೆಂದೂ, ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ಕಾಲ ಸುಮ್ಮನೆ ಕೇಳಿಸಿಕೊಳ್ಳುವುದುಂಟೆಂದೂ ವಿವರಿಸಿದರು. ನಾವು ಮೂವತ್ತು ವರ್ಷ ಶಾಲೆಯಲ್ಲಿ ಕಂಡ ಸತ್ಯ ಅದು. ಪರದೇಶದ ದಾದಿಯ ಬಾಯಿಂದ ಕೇಳಬೇಕಾಯಿತು.

ಅಂದಿನಿಂದ ಮನೆಯಲ್ಲಿ ಮತ್ತೆ ಕನ್ನಡ ತುಂಬಿತು. ನಮ್ಮಾಕೆ ಅಡುಗೆ ಮಾಡುತ್ತಾ ಮಗುವಿನೊಡನೆ ಎಲ್ಲವನ್ನೂ ಹೇಳುವಳು. ಹತ್ತು ಹನ್ನೆರಡು ದಿನ ಕಳೆದಿರಬೇಕು. ಒಂದು ಬೆಳಗ್ಗೆ ಆಕೆ ರೊಟ್ಟಿಗೆಂದು ಅಕ್ಕಿಹುಡಿಯನ್ನು ಜಾಲಿಸುತ್ತಿದ್ದಳು. ಪುಟ್ಟಿ ಕಿಟಕಿಯ ಬಳಿ ನಿಂತಿದ್ದಳು. ಹೊರಗೆ ಹಿಮ ನುಣ್ಣಗೆ ಉದುರುತ್ತಿತ್ತು. ಮಗು ಅಜ್ಜಿಯ ಜಾಲರಿಯನ್ನು ನೋಡಿತು, ಹೊರಗೆ ನೋಡಿತು, ಗಾಜಿಗೆ ಬೆರಳೊತ್ತಿ ಹೇಳಿತು: "ಹುಡಿ!" ಮಗಳು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು ಅಲ್ಲೇ ನೆಲದಲ್ಲಿ ಕುಳಿತುಬಿಟ್ಟಳು. ಹಿಮಕ್ಕೆ ಆ ಮನೆಯಲ್ಲಿ ಇಂದಿಗೂ 'ಹುಡಿ' ಎಂದೇ ಹೆಸರು.

ಮಾತು ಮರಳಿದ ಮೇಲೆ ಚಳಿಯೂ ಹಗುರವಾಯಿತು. ಆ ದೇಶದವರು ಚಳಿಗೆ ಹೆದರಿ ಮಕ್ಕಳನ್ನು ಒಳಗೆ ಕೂಡಿಹಾಕುವುದಿಲ್ಲ. ಹಸುಳೆಗಳನ್ನು ಬೆಚ್ಚಗೆ ಹೊದೆಯಿಸಿ, ಕೈಗಾಡಿಯಲ್ಲಿ ಹೊರಗೆಯೇ ಹಗಲು ನಿದ್ದೆ ಮಾಡಿಸುತ್ತಾರೆ. ಮೊದಲ ಸಲ ಅದನ್ನು ಕಂಡಾಗ ನಮ್ಮಾಕೆಗೆ ಎದೆ ಒಡೆದಂತಾಯಿತು. ಆ ಶಿಶುಗಳ ಕೆಂಪು ಕೆನ್ನೆ ಕಂಡು ಸುಮ್ಮನಾದಳು. ಮಗುವಿರುವ ಕೈಗಾಡಿಯನ್ನು ತಳ್ಳಿಕೊಂಡು ಬಂದವರಿಗೆ ಅಲ್ಲಿನ ನಗರ ಬಸ್ಸುಗಳಲ್ಲಿ ಟಿಕೇಟು ಬೇಕಾಗಿಲ್ಲ. ಅಳಿಯನಿಲ್ಲದ ಹಗಲಿನಲ್ಲಿ ಮಗಳು ಮನೆಯಿಂದ ಹೊರಬೀಳುವ ಧೈರ್ಯ ತಂದುಕೊಂಡದ್ದು ಹೀಗೆ.

ಫೆಬ್ರವರಿಯಿಂದ ಪುಟ್ಟಿಯನ್ನು ಶಿಶುವಿಹಾರಕ್ಕೆ ಸೇರಿಸುವುದೆಂದಾಯಿತು. ಅವರ ಭಾಷೆಯಲ್ಲಿ ಅದಕ್ಕೆ 'ಹಗಲುಮನೆ' ಎಂಬರ್ಥದ ಹೆಸರು. ಮನೆ ಎಂಬುದಕ್ಕೆ ಅವರ ಮಾತು 'ಕೊತಿ' ಎಂದು ತಿಳಿದು ನಮ್ಮಾಕೆ ಬಹಳ ಹೊತ್ತು ನಕ್ಕಳು. ಅಲ್ಲಿ ಒದ್ದೆಯಾದ ಉಡುಪುಗಳನ್ನು ಒಣಗಿಸುವ ಬಿಸಿಗಾಳಿಯ ಕಪಾಟಿದೆ. ಬೆಳಗ್ಗೆ ಮಕ್ಕಳಿಗೆ ಧಾನ್ಯದ ಗಂಜಿ, ನಡುವೆ ಬೆಣ್ಣೆಯ ತುಣುಕು. ಗಂಜಿಗೆ ತುಪ್ಪ ಹಾಕಿ ಉಂಡು ಬೆಳೆದ ನಮಗೆ ಅದು ಪರಕೀಯವೆನಿಸಲಿಲ್ಲ. ಭಾಷೆಯೂ ಅಷ್ಟೇ. ಕಟ್ಟಡಕ್ಕೆ 'ತಾಲೋ', ಕಟ್ಟಡದಲ್ಲಿ ಎನ್ನಲು 'ತಾಲೋಸ್ಸಾ', ಕಟ್ಟಡದಿಂದ ಎನ್ನಲು 'ತಾಲೋಸ್ತಾ'. ನಮ್ಮ ವಿಭಕ್ತಿ ಪ್ರತ್ಯಯಗಳಂತೆಯೇ ನಾಮಪದದ ಬಾಲಕ್ಕೆ ಸೇರುತ್ತವೆ. ಬರೆದಂತೆ ಓದುವ ಭಾಷೆ. ಕನ್ನಡ ಗಟ್ಟಿಯಾಗಿ ಬಂದ ಮಗುವಿಗೆ ಇದು ಕಷ್ಟವಾಗದು.

ಒಂದು ಮಾತನ್ನು ಗಡಿನಾಡಿನ ಓದುಗರಿಗೆ ಹೇಳದೆ ಇರಲಾರೆವು. ಎಸ್ಪೋವಿನ ಬೀದಿ ಬೀದಿಯ ಹೆಸರುಹಲಗೆಯಲ್ಲಿ ಎರಡು ಭಾಷೆಗಳಿವೆ, ಫಿನ್ನಿಷ್ ಮತ್ತು ಸ್ವೀಡಿಷ್. ಇಡೀ ದೇಶದಲ್ಲಿ ಸ್ವೀಡಿಷ್ ಮನೆಮಾತಿನವರು ನೂರಕ್ಕೆ ಐದರಷ್ಟು. ಒಂದು ಊರಿನಲ್ಲಿ ಅಲ್ಪಸಂಖ್ಯಾತ ಭಾಷೆಯವರು ನೂರಕ್ಕೆ 8ರಷ್ಟು, ಇಲ್ಲವೇ 3,000 ಮಂದಿ ಇದ್ದರೆ ಆ ಊರು ದ್ವಿಭಾಷಾ ಊರೆಂದು ಅವರ ಕಾನೂನು ಹೇಳುತ್ತದೆ. 1956ರ ನವೆಂಬರ್ ಒಂದರಿಂದ ಹಲಗೆಗಳನ್ನು ಓದುತ್ತಲೇ ಬಂದಿರುವ ಕಾಸರಗೋಡಿನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹಲಗೆಯಲ್ಲಿ ಭಾಷೆ ಉಳಿಯುವುದು ಸರಕಾರದ ಕೈಯಲ್ಲಿ. ಮಗುವಿನ ನಾಲಗೆಯಲ್ಲಿ ಉಳಿಯುವುದು ನಮ್ಮ ಕೈಯಲ್ಲಿ.

ಹೊರಡಲಿರುವ ಸಂಸಾರಗಳಿಗೆ ನಮ್ಮ ಅನುಭವದ ಕೆಲವು ಸೂಚನೆಗಳು. ಚಳಿಯ ಉಡುಪನ್ನು ಇಲ್ಲಿಂದ ರಾಶಿಯಾಗಿ ಕೊಂಡೊಯ್ಯಬೇಡಿ. ಅಲ್ಲಿ ಒಬ್ಬರ ಮಗು ಬೆಳೆದು ಬಿಟ್ಟ ಒಳ್ಳೆಯ ಉಡುಪು ಕಡಿಮೆ ಬೆಲೆಗೆ ದೊರೆಯುತ್ತದೆ. ಒಂದು ದಪ್ಪ ಉಡುಪಿಗಿಂತ ತೆಳುವಾದ ಮೂರು ಪದರ ಮೇಲು. ಕಾರಿನ ಮಗುವಿನ ಆಸನದಲ್ಲಿ ದಪ್ಪ ಹೊರ ಉಡುಪಿನೊಡನೆ ಪಟ್ಟಿ ಬಿಗಿಯಬೇಡಿ. ಪಟ್ಟಿ ಸಡಿಲವಾಗಿಯೇ ಉಳಿಯುತ್ತದೆ. ಚಳಿಗೆ ಕೆನ್ನೆ ಬಿಳಿಚಿಕೊಂಡರೆ ಉಜ್ಜಬೇಡಿ, ಬೆಚ್ಚಗಿನ ಅಂಗೈಯನ್ನು ಒತ್ತಿ ಹಿಡಿಯಿರಿ. ಬೆಳಕಿರುವ ಹೊತ್ತಿನಲ್ಲಿ ದಿನವೂ ಅರ್ಧ ಗಂಟೆಯಾದರೂ ಹೊರಗೆ ಹೋಗಿ. ಇದು ಮಗುವಿಗೆ ಎಷ್ಟು ಅಗತ್ಯವೋ ತಾಯಿಗೂ ಅಷ್ಟೇ. ಮಗುವಿನ ಮೌನ ದೀರ್ಘವಾದರೆ ಕಿವಿಯನ್ನು ಪರೀಕ್ಷಿಸಿ, ಆದರೆ ಮನೆಮಾತನ್ನು ಬಿಡಬೇಡಿ.

ನಾವು ಊರಿಗೆ ಮರಳುವ ದಿನ ವಿಮಾನ ನಿಲ್ದಾಣದಲ್ಲಿ ಪುಟ್ಟಿ ಅಜ್ಜಿಯ ಸೆರಗನ್ನು ಬಿಡಲಿಲ್ಲ. ಈಗ ಪ್ರತಿ ಭಾನುವಾರ ದೂರವಾಣಿಯಲ್ಲಿ ಅವಳ ಶಬ್ದಗಳನ್ನು ಬರೆದುಕೊಳ್ಳುತ್ತಿದ್ದೇವೆ. ನೂರ ಎಂಬತ್ತು ದಾಟಿದೆ; ಅದರಲ್ಲಿ ಮೂವತ್ತು ಫಿನ್ನಿಷ್. ಮೊನ್ನೆ ನಮ್ಮ ಶಾಲೆಗೆ ತುಳು ಮನೆಮಾತಿನ ತಾಯಿಯೊಬ್ಬಳು ಬಂದು, "ಮಾಸ್ಟ್ರೇ, ಮಗ ತರಗತಿಯಲ್ಲಿ ಮಾತಾಡುವುದಿಲ್ಲವಂತೆ, ಮನೆಯಲ್ಲಿ ಕನ್ನಡ ಆಡಬೇಕಾ?" ಎಂದು ಕೇಳಿದಳು. "ಬೇಡಮ್ಮಾ, ನೀವು ತುಳುವಿನಲ್ಲಿಯೇ ಚೆನ್ನಾಗಿ ಮಾತಾಡಿ. ಕನ್ನಡವನ್ನು ನಾವು ಕಲಿಸುತ್ತೇವೆ" ಎಂದೆವು.